ಶನಿಗ್ರಹದ ಸೇವಂತಿಗೆ ಮಲ್ಲೇಶ್ವರಕ್ಕೆ ಹೋದದ್ದು

ಭಾನುವಾರ, ಬೆಳಿಗ್ಗೆ ಏಳು ಗಂಟೆ. ತ್ಯಾಗರಾಜನಗರದ ನಮ್ಮ ಮನೆಯ ಗೇಟಿನ ಬಳಿ ಹಾಜರಿದ್ದವರು ನಾನು, ಪಕ್ಕದ ಮನೆಯ ನಂಜುಂಡಪ್ಪ ಮತ್ತು ಶನಿಗ್ರಹದ ಸೇವಂತಿಗೆ. ಹೂವು ನನ್ನ ಕೈಕೆಲಸ: ಕ್ರೇಪ್ ಕಾಗದದ ಹಳದಿ ದಳಗಳು, ಸುತ್ತಲೂ ನೇರಳೆ ಬಳೆ. ನಮ್ಮ ಗೆಳೆಯರ ಬಳಗ ವರ್ಷಕ್ಕೊಮ್ಮೆ ಮಲ್ಲೇಶ್ವರದಲ್ಲಿ ನಡೆಸುವ ಅನ್ಯಗ್ರಹ ಪುಷ್ಪ ಪ್ರದರ್ಶನಕ್ಕೆ ಹೊರಟಿದ್ದೆವು. ಬೇರೆ ಗ್ರಹದ ಹೂವೊಂದನ್ನು ಕೈಯಾರೆ ಮಾಡಿ ತಂದು, ನಿಜವೆನ್ನುವಂತೆ ವರ್ಣಿಸುವುದೇ ಪಂದ್ಯ. ಬಹುಮಾನದ ಹಿತ್ತಾಳೆ ಹೂಬುಟ್ಟಿ ಎರಡು ವರ್ಷದಿಂದ ಅಲ್ಲಿನ ಗೋಪಾಲಗೌಡರ ಮನೆಯಲ್ಲಿತ್ತು. ಈ ಸಲವೂ ಅವರೇ ಗೆದ್ದರೆ ಅದು ಶಾಶ್ವತವಾಗಿ ಅವರದೇ. ಬಿಡುವುದುಂಟೇ!

ಗಾಂಧಿಬಜಾರಿಗೆ ನಡೆದೇ ಹೋದೆವು. ಎಳೆ ಬಿಸಿಲು ಹಿತವಾಗಿತ್ತು. ಇಡ್ಲಿ, ಕಾಫಿ ಮುಗಿಸಿ, ಮೆಟ್ರೊ ನೂಕುನುಗ್ಗಲಿನಲ್ಲಿ ಹೂವು ಜಜ್ಜಿಹೋಗದಿರಲೆಂದು ಬಾಳೆಲೆಯಲ್ಲಿ ಕಟ್ಟಿಕೊಡಲು ಹೂವಿನ ಲಕ್ಷ್ಮಮ್ಮನವರ ಕೈಗೆ ಕೊಟ್ಟೆ. ಯಾವ ಹೂವು ಕಟ್ಟಿದರೂ ಅವರು ಮೊದಲು ಬಕೆಟ್ಟಿನಲ್ಲಿ ಕೈ ಅದ್ದಿ ನೀರು ಚಿಮುಕಿಸುತ್ತಾರೆ. ನಾನು ಚಿಲ್ಲರೆ ಹುಡುಕುತ್ತಿದ್ದೆ.

“ಅಯ್ಯೋ, ಬಣ್ಣ ಬಿಡ್ತಿದೆಯಲ್ಲ ಸ್ವಾಮಿ!”

“ಅದು ಕಾಗದದ್ದಮ್ಮಾ!”

“ಮೊದ್ಲೇ ಹೇಳ್ಬಾರ್ದಾ? ನಾನು ಯಾವ್ದೋ ಊಟಿ ಹೂವು ಅನ್ಕೊಂಡೆ.”

ನೇರಳೆ ಹಳದಿಯೊಳಗೆ ಇಳಿದು, ಸೇವಂತಿಗೆ ಬದನೆಕಾಯಿ ಎಣ್ಣೆಗಾಯಿಯಂತೆ ಕಾಣುತ್ತಿತ್ತು. ಮೆಟ್ರೊ ಸುರಂಗದ ಉದ್ದಕ್ಕೂ ಅದನ್ನು ಊದಿ ಊದಿ ಒಣಗಿಸಿದೆ.

“ಶನೀಲಿ ಮಳೆ ಬಂತು ಅಂದ್ಬಿಡಿ ಸಾರ್,” ಎಂದರು ನಂಜುಂಡಪ್ಪ. “ಯಾರು ಹೋಗಿ ನೋಡ್ತಾರೆ?”

“ಶನಿ ವಿಷಯದಲ್ಲಿ ಏನು ಬೇಕಾದ್ರೂ ಹೇಳ್ತೀನಿ. ಗಾಂಧಿಬಜಾರಿನ ವಿಷಯದಲ್ಲಿ ಸುಳ್ಳು ಹೇಳಲ್ಲ.”

ಸಂಪಿಗೆ ರಸ್ತೆಯಲ್ಲಿ ಇಳಿದು, ತೀರ್ಪುಗಾರರಾದ ವಿಮಲಮ್ಮನವರ ಮಹಡಿ ಹತ್ತಿದೆವು. ಅವರು ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಗೌಡರು ಆಗಲೇ ತಮ್ಮ ಶುಕ್ರಗ್ರಹದ ಮಲ್ಲಿಗೆಯನ್ನು ಎತ್ತಿ ಹಿಡಿದಿದ್ದರು.

“ಶುಕ್ರದಲ್ಲಿ ವರ್ಷಕ್ಕಿಂತ ದಿನಾನೇ ಉದ್ದ. ಬೆಳಿಗ್ಗೆ ಕಿತ್ತ ಮೊಗ್ಗು ಸಾಯಂಕಾಲ ಅರಳೋ ಹೊತ್ತಿಗೆ ಮುಂದಿನ ವರ್ಷದ ಹಬ್ಬ ಬಂದಿರುತ್ತೆ. ಎರಡು ಹಬ್ಬಕ್ಕೆ ಒಂದೇ ಮೊಳ ಸಾಕು!”

ಭಾರೀ ಚಪ್ಪಾಳೆ. ಆಮೇಲೆ ನನ್ನ ಪೊಟ್ಟಣದೊಳಗೆ ಇಣುಕಿದರು. “ಏನ್ ಸಾರ್, ನಿಮ್ ಶನಿಗೇ ಶನಿ ಹಿಡಿದಂಗಿದೆ!”

ನಾನು ಎದ್ದು ನಿಂತು ಕ್ರಮವಾಗಿ ವಿವರಿಸಿದೆ: “ಶನಿಗ್ರಹ ನೀರಿಗಿಂತ ಹಗುರ. ಆದ್ದರಿಂದ ಅಲ್ಲಿ ಬೇರು ಮಣ್ಣನ್ನು ಹಿಡಿಯುವುದಿಲ್ಲ, ಮಣ್ಣೇ ಬೇರನ್ನು ಹಿಡಿದುಕೊಂಡು ನೇತಾಡುತ್ತದೆ. ಇನ್ನು ದುಂಬಿ, ಬಳೆಯ ಮೇಲೆ ಪ್ರದಕ್ಷಿಣೆ ಮುಗಿಸದೆ ಜೇನು ಮುಟ್ಟುವಂತಿಲ್ಲ.”

“ಬಣ್ಣ ಯಾಕೆ ಕದಡಿದೆ?” ಎಂದು ವಿಮಲಮ್ಮ ಕೇಳಿಯೇಬಿಟ್ಟರು.

ನಂಜುಂಡಪ್ಪ ನನ್ನ ಕಾಲು ತುಳಿದರು. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬುಟ್ಟಿ ಹೋಯಿತೆಂದೇ ಕೂತೆ.

ವಿಮಲಮ್ಮ ಕನ್ನಡಕ ಸರಿಮಾಡಿಕೊಂಡರು. “ಅಂದ್ರೆ, ಹೂ ಮಾರೋ ಆಕೆ ಕೈಲಿ ಹಿಡಿದು ನೋಡಿನೂ ನಿಜವಾದ ಹೂವು ಅನ್ಕೊಂಡ್ರಾ?”

“ಊಟಿದು ಅನ್ಕೊಂಡ್ರು.”

“ಗೌಡ್ರೇ, ನಿಮ್ ಮಲ್ಲಿಗೆಗೆ ಯಾರಾದ್ರೂ ನೀರು ಚಿಮುಕಿಸಿದ್ರಾ?”

ಗೌಡರು ತಮ್ಮ ಮೊಗ್ಗನ್ನು ನೋಡಿದರು, ನನ್ನ ಎಣ್ಣೆಗಾಯಿಯನ್ನು ನೋಡಿದರು. “ಇಲ್ಲ ಬಿಡಿ,” ಎಂದು ಮನೆಯಿಂದ ತಂದಿದ್ದ ಬುಟ್ಟಿಯನ್ನು ನನ್ನತ್ತ ತಳ್ಳಿದರು. ನಂಜುಂಡಪ್ಪ ಹೊಡೆದ ಸಿಳ್ಳೆ ಎದುರು ಮನೆಗೂ ಕೇಳಿಸಿರಬೇಕು!

ಸಂಜೆಯೊಳಗೆ ಮನೆ ಸೇರಿ, ಹುಣಸೆಹಣ್ಣು ಹಾಕಿ ಬುಟ್ಟಿ ತಿಕ್ಕಿ, ಒರೆಸಿ, ಹೂವನ್ನು ಅದರಲ್ಲಿಟ್ಟೆ. ಆಮೇಲೆ ಲೋಟದಲ್ಲಿ ಬೆರಳು ಅದ್ದಿ, ಸೇವಂತಿಗೆಗೆ ಒಂದಿಷ್ಟು ನೀರು ಚಿಮುಕಿಸಿದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.