ಮಣಿಕಟ್ಟಿನ ದಾರ

ಡಾಟ್‌ಕಾಮ್ ದುಡ್ಡು ಹರಿಯುತ್ತಿದ್ದ ಕಾಲ. ಮೆನ್ಲೋ ಪಾರ್ಕಿನ ಕಂಪ್ಯೂಟರ್ ಕಂಪನಿಯವರೆಲ್ಲ ಬೋಟು ಕೊಳ್ಳುತ್ತಿದ್ದರು. ನೀರಿಗಿಳಿದು ಆ ಬೋಟುಗಳ ತಳಕ್ಕಂಟಿದ ಪಾಚಿ ಕೆರೆಯುವುದು ನನ್ನ ಕೆಲಸ. ಚಳಿಗೆ ಕೈ ಮರಗಟ್ಟುತ್ತಿತ್ತು. ಅದಕ್ಕೇ ನೀರು ಒಳಗೆ ಬಾರದ ಡ್ರೈ ಸೂಟು, ಡ್ರೈ ಗ್ಲೌಸು ಕೊಂಡೆ.

ಸೂಟಿನ ತೋಳಿನ ತುದಿಯಲ್ಲಿ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುವ ರಬ್ಬರು ಇರುತ್ತದೆ. ಅದರಡಿ ಏನಿದ್ದರೂ ನೀರು ನುಗ್ಗುತ್ತದೆ ಅಂತ ನಾನೇ ಅಂದುಕೊಂಡೆ. ನನ್ನ ಮಣಿಕಟ್ಟಿನಲ್ಲಿ ದೇವರ ದಾರ ಇತ್ತು. ತಾನು ಆಸ್ಪತ್ರೆಗೆ ಹೊರಟ ದಿನ ಹೆಂಡತಿ ತನ್ನ ಕೈಯಿಂದ ಬಿಚ್ಚಿ ನನಗೆ ಕಟ್ಟಿದ್ದು. "ನಂಗ್ಯಾಕೆ, ನೀರಲ್ಲಿ ಕೆಲಸ ಮಾಡೋರು ನೀವು" ಅಂದಿದ್ದಳು. ಅವಳು ವಾಪಸು ಬರಲಿಲ್ಲ.

ಯಾರನ್ನೂ ಕೇಳದೆ ದಾರ ಕತ್ತರಿಸಿ ಕಸದ ಡಬ್ಬಿಗೆ ಹಾಕಿದೆ.

ನೀರಿಗಿಳಿದರೆ ಗ್ಲೌಸು ಕೈಯನ್ನು ಹಿಂಡಿತು. ಬೆರಳು ಮತ್ತೆ ಮರಗಟ್ಟಿದವು. ವಾರ ಬಿಟ್ಟು ಅದನ್ನು ಬದಲಾಯಿಸಲು ಅಂಗಡಿಗೆ ಹೋದೆ. ಅಲ್ಲಿ ಹಾಸನದ ಕಡೆಯ ಹೆಣ್ಣುಮಗಳೊಬ್ಬರು ಸಿಕ್ಕಿದರು. ಇಂಜಿನಿಯರು, ರಜೆಯಲ್ಲಿ ಡೈವಿಂಗು ಮಾಡುವವರು. ಕೈ ಹಿಂಡುತ್ತದೆ ಅಂದದ್ದಕ್ಕೆ ನನ್ನ ಗ್ಲೌಸು ನೋಡಿದರು.

"ಇದು ಸರಿಯಾಗೇ ಇದೆ ಅಣ್ಣ. ರಬ್ಬರಿನಡಿ ದಾರ ಇಟ್ಟಿದ್ರಾ?"

"ಇಲ್ಲಮ್ಮ. ನೀರು ಬರಲ್ವಾ?"

"ಗ್ಲೌಸು ತೂತಾದ್ರೆ ಬರುತ್ತೆ. ಇಲ್ಲಾಂದ್ರೆ ಸೂಟಿನೊಳಗಿನ ಗಾಳಿ ದಾರದ ಪಕ್ಕದಿಂದ ಗ್ಲೌಸಿಗೆ ಹೋಗುತ್ತೆ, ಆಗ ಅದು ಹಿಂಡಲ್ಲ, ಕೈ ಬೆಚ್ಚಗಿರುತ್ತೆ. ನಾವೆಲ್ಲ ಬೇಕಂತಲೇ ಇಡ್ತೀವಿ."

ನಾನು ಬರಿದಾದ ಮಣಿಕಟ್ಟನ್ನು ಸವರಿಕೊಂಡೆ.

"ಯಾಕಣ್ಣ?"

"ಕೈಯಲ್ಲೇ ಒಂದಿತ್ತು. ಕತ್ತರಿಸಿಬಿಟ್ಟೆ."

"ಅಷ್ಟೇ ತಾನೆ" ಅಂತ ಅವರು ತಮ್ಮ ಚೀಲದಿಂದ ಒಂದು ತುಂಡು ಹುರಿ ತೆಗೆದು ಕೊಟ್ಟರು.

ಅದನ್ನೇ ಇಟ್ಟುಕೊಂಡು ನೀರಿಗಿಳಿಯುತ್ತೇನೆ. ಕೈ ಬೆಚ್ಚಗಿರುತ್ತದೆ. ಗಾಳಿಗೇನು, ಯಾವ ದಾರವಾದರೂ ಒಂದೇ.