ಭೂಮಿಯನ್ನು ಮತ್ತೆ ಕೊಯ್ದ ಓಂಕಾರಪ್ಪ

ಬೆಳಗಿನ ಆರು ಗಂಟೆ. ಮಾಚೇನಹಳ್ಳಿಯ ಕೈಗಾರಿಕಾ ಶೆಡ್ಡುಗಳಲ್ಲಿ ಇನ್ನೂ ಯಾವ ಯಂತ್ರವೂ ಸದ್ದು ಮಾಡಿಲ್ಲ. ಸಾಲಿನ ಕೊನೆಯ ಶೆಡ್ಡಿನಲ್ಲಿ ಅರವತ್ತೆರಡರ ಓಂಕಾರಪ್ಪ ಹಲಸಿನ ಮರದ ಹೊಸ ಭೂಗೋಳವನ್ನು ತೊಡೆಗಾನಿಸಿಕೊಂಡು ಸಣ್ಣ ಗರಗಸದಿಂದ ಕೊಯ್ಯುತ್ತಿದ್ದಾರೆ. ಭೂಮಿಯ ಹೊರಚಿಪ್ಪು ಫಲಕಗಳಾಗಿ ಒಡೆದಿರುವುದನ್ನು ಶಾಲಾ ಮಕ್ಕಳು ಕೈಯಿಂದಲೇ ಬಿಡಿಸಿ ನೋಡುವ ಗೋಳವಿದು.

ಭದ್ರಾವತಿಯ ಎರಕದ ಕಾರ್ಖಾನೆಯೊಂದರಲ್ಲಿ ಮರದ ಅಚ್ಚು ಮಾಡುತ್ತಿದ್ದವರು, ಕೆಲಸ ನಿಂತ ಮೇಲೆ ಈ ಶೆಡ್ಡು ಹಿಡಿದರು. ಗೋಳ ಕಡೆಯುವುದು ಇವರು, ಬಣ್ಣ ಹಚ್ಚುವುದು ಹೆಂಡತಿ ವಿಮಲಮ್ಮ. ಒಂದಕ್ಕೆ ಒಂಬತ್ತು ದಿನ. "ಸಮುದ್ರ ಎಲ್ಲ ಅವಳದ್ದೇ. ನನಗೆ ಬ್ರಶ್ ಮುಟ್ಟಕ್ಕೂ ಬಿಡ್ತಿರಲಿಲ್ಲ."

ಮೂರು ವರ್ಷದ ಹಿಂದೆ ವಿಮಲಮ್ಮ ತೀರಿಕೊಂಡರು. ಶೆಡ್ಡಿನಲ್ಲಿ ಮಾತೇ ನಿಂತುಹೋಯಿತು. ಒಂದು ರೇಡಿಯೊ ತಂದರು, ತಿಂಗಳಲ್ಲೇ ಪಕ್ಕದವರಿಗೆ ಕೊಟ್ಟುಬಿಟ್ಟರು. "ಅದು ಮಾತಾಡುತ್ತೆ, ನಾನು ಹೇಳಿದ್ದು ಕೇಳಲ್ಲ."

ಕಳೆದ ವರ್ಷ ರವೀಂದ್ರನಗರದ ಭೂಗೋಳ ಶಿಕ್ಷಕಿ ಶ್ರೀಗೌರಿ ತಮ್ಮ ಶಾಲೆಯ ಗೋಳ ನೋಡಿ ಶೆಡ್ಡು ಹುಡುಕಿಕೊಂಡು ಬಂದರು. "ಓಂಕಾರಪ್ಪನವರೇ, ನೀವು ಖಂಡಗಳ ದಡದ ಗುಂಟ ಕೊಯ್ದಿದ್ದೀರಿ. ಭೂಮಿ ಹಂಗೆ ಒಡೆದಿಲ್ಲ. ಒಳಗಿನ ಕಾವಿಗೆ ಬಂಡೆ ನಿಧಾನಕ್ಕೆ ಮೇಲೇಳುತ್ತೆ, ಪಕ್ಕಕ್ಕೆ ಸರಿಯುತ್ತೆ. ಮೇಲಿನ ಚಿಪ್ಪನ್ನೂ ಎಳೆಯುತ್ತೆ. ಅಟ್ಲಾಂಟಿಕ್ ಸಾಗರದ ಬಿರುಕು ನಟ್ಟನಡುವೆ ಇದೆ, ದಡದಲ್ಲಿ ಅಲ್ಲ."

ಓಂಕಾರಪ್ಪ ಲೆಕ್ಕದ ಪುಸ್ತಕ ತೆಗೆದರು. ಆ ಹೊತ್ತಿಗೆ ಮೂವತ್ತೊಂದು ಗೋಳಗಳು ಶಾಲೆ ಸೇರಿದ್ದವು. ಅಷ್ಟಕ್ಕೂ ಬಣ್ಣ ಹಚ್ಚಿದ್ದು ವಿಮಲಮ್ಮ; ಆಕೆ ಹೋದ ಮೇಲೆ ಕಡೆದವು ಬಣ್ಣವಿಲ್ಲದೆ ಶೆಡ್ಡಿನಲ್ಲೇ ಉಳಿದಿದ್ದವು. ಹಳೆಯ ಸೀಳು ಮುಚ್ಚಿ ಹೊಸದಾಗಿ ಕೊಯ್ಯಬೇಕೆಂದರೆ ಆ ಬಣ್ಣವನ್ನೆಲ್ಲ ಉಜ್ಜಿ ತೆಗೆಯಬೇಕು.

ಹದಿನೈದು ದಿನ ಅವರು ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಆಮೇಲೊಂದು ದಿನ ಚೀಲ ಹಿಡಿದು ಬಸ್ಸು ಹತ್ತಿದರು. ಶಾಲೆ ಶಾಲೆಗೆ ಹೋಗಿ ತಪ್ಪು ಒಪ್ಪಿಕೊಂಡು, ಎರಡೆರಡೇ ಗೋಳ ವಾಪಸು ತಂದರು.

"ಯಾರಿಗೆ ಗೊತ್ತಾಗುತ್ತೆ ಮಾರಾಯ್ರೆ, ಬಿಡಿ," ಎಂದರಂತೆ ನವುಲೆ ಕಡೆಯ ಹೆಡ್‌ಮಾಸ್ತರು ಜನಾರ್ದನ.

"ನನಗೆ ಗೊತ್ತಾಯ್ತಲ್ಲ ಸಾರ್."

ಮೊದಲ ಗೋಳದ ಅರಬ್ಬೀ ಸಮುದ್ರ ಉಜ್ಜಲು ಅರ್ಧ ದಿನ ಹಿಡಿಯಿತು. ಅಂಗೈಗೆಲ್ಲ ನೀಲಿ ಪುಡಿ ಮೆತ್ತಿಕೊಂಡಿತ್ತು. ಅವತ್ತು ಕೈ ತೊಳೆಯದೆ ಮನೆಗೆ ಹೋದರು.

ಕಳೆದ ತಿಂಗಳು ಮೂವತ್ತೊಂದನೆಯದನ್ನೂ ಸರಿಮಾಡಿ ಕೊಟ್ಟು ಬಂದಿದ್ದಾರೆ. ಒಂದನ್ನಾದರೂ ಹಾಗೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಶ್ರೀಗೌರಿ ಕೇಳಿದರು.

"ತಪ್ಪು ಇಟ್ಕೊಂಡ್ರೆ ಅವಳೇ ಬೈತಿದ್ಲು ಮೇಡಂ," ಎಂದರು ಓಂಕಾರಪ್ಪ. "ನೀಲಿ ಅವಳ ಥರ ನನಗೆ ಬರಲ್ಲ. ಆದರೆ ಈಗ ಭೂಮಿ ಎಲ್ಲಿ ಒಡೀಬೇಕೋ ಅಲ್ಲೇ ಒಡೆಯುತ್ತೆ."