ಅರವಟ್ಟಿಗೆಯ ಉಸುಕಿನಲ್ಲಿ ಪ್ರಿಮುಲಾ

ಹನುಮಸಾಗರದಿಂದ ಕುಷ್ಟಗಿಗೆ ಹೋಗುವ ದಾರಿಯ ಮಗ್ಗುಲಿಗೆ, ಸಾವ್ಕಾರರ ತೋಟದ ಬೇವಿನ ಮರದ ಕೆಳಗೆ ನಾನು ನಿಂತಿದ್ದೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಬೇಸಿಗೆ, ಯುಗಾದಿಯ ಮರುದಿನ. ಸಿಟ್ಟಿಗೆದ್ದವನ ಮಾತನ್ನು ಜನ ಅರ್ಧ ಕಳೆದು ಕೇಳುತ್ತಾರೆ; ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಸಿಟ್ಟಿಗೆ ಕಾರಣ ಒಂದು ಹೂವು ಎಂದರೆ ನಗುತ್ತೀರಿ. ಪ್ರಿಮುಲಾ ಎಂದು ಹೆಸರು. ಗೇಣುದ್ದವೂ ಬೆಳೆಯದ, ಹಿಮದ ಬೆಟ್ಟಗಳ ಗಿಡ. ಚಳಿಗಾಲವೆಲ್ಲ ಹಿಮ ಹೊದ್ದು ಮಲಗಿ, ಅದು ಕರಗಿದೊಡನೆ ಎಲ್ಲಕ್ಕಿಂತ ಮೊದಲು ಅರಳುತ್ತದಂತೆ. ನಮ್ಮಲ್ಲಿ ಹೊದೆಯಲು ಸಿಗುವುದು ಧೂಳು. ಹವಾ ಬದಲಿಗೆಂದು ಊಟಿಗೆ ಹೋಗಿದ್ದ ಸಾವ್ಕಾರರು ಅದಕ್ಕೆ ಮರುಳಾಗಿ ಒಂದು ಬುಟ್ಟಿ ಸಸಿ ತಂದರು. ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ಸಾಲಿ ಮಾಸ್ತರನಾದ ನನ್ನಿಂದ ಓದಿಸಿದರು. ನೆರಳು ಬೇಕು, ಬೇರು ಸದಾ ತಂಪಾಗಿರಬೇಕು.

ಚೈತ್ರದಲ್ಲಿ ಅಂಥ ನೆಲ ಊರಿಗೆಲ್ಲ ಒಂದೇ: ಆ ಬೇವಿನ ಕೆಳಗೆ, ನೀಲವ್ವನ ಅರವಟ್ಟಿಗೆಯ ಹಸಿ ಉಸುಕು. ಆಕೆಯ ಗಂಡ ದಾರಿಯಲ್ಲಿ ನೀರು ಸಿಗದೆ, ಬಿಸಿಲು ಬಡಿದು ಸತ್ತಿದ್ದ. ಅಂದಿನಿಂದ ಪ್ರತಿ ಬೇಸಿಗೆ ಆಕೆ ಅಲ್ಲಿ ಮಣ್ಣಿನ ಕೊಡಗಳನ್ನು ಉಸುಕಿನಲ್ಲಿ ಅರ್ಧ ಹೂತಿಟ್ಟು, ದಾರಿಹೋಕರಿಗೆ ನೀರು ಹಾಕುತ್ತಿದ್ದಳು.

"ಕೊಡ ಆಕಡೆ ಇಡು ನೀಲವ್ವ. ಇಲ್ಲಿ ಹೂ ಹಚ್ಚಬೇಕು."

"ಬಿಸಲಾಗ ಇಟ್ರ ನೀರು ಕಾಯತಾವ್ರಿ, ಸಾವ್ಕಾರ್ರ."

"ಹೂವಿಗೂ ಜೀವ ಐತೆವ್ವ."

"ಬಂಡಿ ಹೊಡ್ಯಾವಗ ಇಲ್ಲೇನ್ರಿ?"

ಆಳುಗಳು ಕೊಡಗಳನ್ನು ಕಿತ್ತು ಬಿಸಿಲಿಗಿಟ್ಟರು. ಮಧ್ಯಾಹ್ನ ಬಂಡಿ ಹೊಡೆಯುವ ಹುಸೇನಸಾಬ ಬಂದ. ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು, "ಏನ ಬೇ ನೀಲವ್ವ, ಚಾಪುಡಿ ಹಾಕೂದು ಮರತೀಯೇನು?" ಎಂದ. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಕೊಡಗಳನ್ನು ಒಂದೊಂದಾಗಿ ಮನೆಗೆ ಹೊತ್ತಳು.

ಸಸಿಗಳು ಹುಣ್ಣಿಮೆ ಕಾಣಲಿಲ್ಲ. ನೆರಳನ್ನೇನೋ ಕಸಿದು ಕೊಟ್ಟರು. ಗಾಳಿಯನ್ನು ತಣಿಸುವವರು ಯಾರು? ಸಾವ್ಕಾರರು ನೀಲವ್ವನ ಬಾಗಿಲಿಗೆ ಬಂದು, "ಹೂ ಒಣಗಿದ್ವು. ಜಾಗಾ ಖಾಲಿ ಐತಿ, ಬಾ" ಎಂದರು.

"ಸತ್ತ ಗಿಡದ ಜಾಗಾ ಕೊಡಾಕ ಬಂದೀರೇನ್ರಿ? ನಾ ಸತ್ತ ಗಂಡನ ಸಲುವಾಗಿ ಇಟ್ಟಿದ್ದೆ. ನಾಳೆ ಮತ್ತೊಂದು ಹೂ ತರ್ತೀರಿ. ಒಲ್ಲೆ."

ಆಮೇಲೆ ಆಕೆ ತನ್ನ ಬಾಗಿಲಲ್ಲೇ ನೀರಿಟ್ಟಳು. ಅದು ದಾರಿಗೆ ದೂರ. ತಿಳಿದವರು ತಿರುಗಿ ಬಂದರು. ತಿಳಿಯದವರು ಒಣ ಬಾಯಲ್ಲೇ ಮುಂದೆ ಹೋದರು.

ಆ ಪುಟ್ಟ ಹೂವಿನ ಮೇಲೆ ನನಗೆ ಸಿಟ್ಟಿಲ್ಲ. ಅದು ತಾನಾಗಿ ಬಂದದ್ದಲ್ಲ. ಪರದೇಶದ ಗಿಡಕ್ಕೆ ಏನು ಬೇಕೆಂದು ಓದಿಸಿ ತಿಳಿದುಕೊಂಡವರಿಗೆ, ಎದುರು ನಿಂತವಳು ಬಾಯಿಬಿಟ್ಟು ಹೇಳಿದ್ದು ಕೇಳಿಸಲಿಲ್ಲವಲ್ಲ, ಅದಕ್ಕೆ ಸಿಟ್ಟು.

ಈಗ ಸಾವ್ಕಾರರಿಲ್ಲ, ನೀಲವ್ವನೂ ಇಲ್ಲ. ಕಂಡವರಲ್ಲಿ ಹುಸೇನಸಾಬ ಇದ್ದಾನೆ, ಕೇಳಿದರೆ ಹೇಳುತ್ತಾನೆ. ಕೊಡ ಕಿತ್ತ ಆಳುಗಳಲ್ಲಿ ದುರಗಪ್ಪ ಇದ್ದಾನೆ. ಆ ಮಾತು ತೆಗೆದರೆ ಎದ್ದು ಹೋಗುತ್ತಾನೆ.